ಹೆಗಲ ಮೇಲೆ ಕೈ ಹಾಕದೆ ಕೇಳುವುದು: ರಫ್ತು ವಿಭಾಗದಲ್ಲಿ ನನ್ನ ಅನುಭವ

ಹಾಸನದಲ್ಲಿ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರ ರಫ್ತು ವಿಭಾಗಕ್ಕೆ ಸೇರಿದಾಗ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದೇ ಕಷ್ಟವಾಗಿತ್ತು. ಹಡಗು ಎಂದು ಹೊರಡುತ್ತದೆ, ಸ್ಯಾಂಪಲ್ ತಲುಪಿತೇ, ಸರಕು ಹಡಗಿಗೇರಿದ್ದಕ್ಕೆ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗಿನ ಕರಡಿನಲ್ಲಿ ತೂಕ ಸರಿಯಾಗಿದೆಯೇ ಎಂದು ದಿನವಿಡೀ ಯಾರನ್ನಾದರೂ ಕೇಳುತ್ತಲೇ ಇರಬೇಕಾದ ಕೆಲಸ ಅದು.

ಮೊದಲ ವಾರವೇ ಎಡವಿದೆ. ಅದುವರೆಗೆ ಒಮ್ಮೆಯೂ ಮಾತನಾಡದಿದ್ದ ಲಂಡನ್ನಿನ ಖರೀದಿದಾರರೊಬ್ಬರಿಗೆ ‘ಹಾಯ್, ಎನಿ ಐಡಿಯಾ ವೆನ್ ಯು ವಿಲ್ ಅಪ್ರೂವ್ ದ ಸ್ಯಾಂಪಲ್?’ ಎಂದು ಮೇಲ್ ಕಳಿಸಿದೆ. ಎರಡು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂದಿತು. ಅದೂ ನನಗಲ್ಲ, ನಮ್ಮ ಮ್ಯಾನೇಜರಿಗೆ. ಅವರು ನನ್ನನ್ನು ಕರೆದು, ‘ನೋಡಪ್ಪಾ, ನೀನು ಕೇಳಿದ್ದು ತಪ್ಪಲ್ಲ, ಹೆಗಲ ಮೇಲೆ ಕೈ ಹಾಕಿ ಕೇಳಿದ್ದು ತಪ್ಪು’ ಎಂದರು.

ಬುದ್ಧಿ ಕಲಿತೆನೆಂದುಕೊಂಡು ಇನ್ನೊಂದು ತುದಿಗೆ ಹೋದೆ. ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಸಿಗುತ್ತಿದ್ದ ಕೊಚ್ಚಿ ಬಂದರಿನಲ್ಲಿ ನಮ್ಮ ಸರಕಿನ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟರಿಗೆ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಕೈಂಡ್ಲಿ ಇನ್‌ಫಾರ್ಮ್ ಮಿ’ ಎಂದು ಬರೆದಾಗ, ತಮ್ಮ ಮೇಲೆ ನನಗೆ ಕೋಪವೇನಾದರೂ ಇದೆಯೇ ಎಂದು ಅವರು ಫೋನ್ ಮಾಡಿಯೇ ವಿಚಾರಿಸಿದರು.

ಕನ್ನಡದಲ್ಲಿ ಹೇಳು, ಹೇಳಿ, ಹೇಳುತ್ತೀರಾ ಎಂದು ಕ್ರಿಯಾಪದದ ತುದಿಯಲ್ಲೇ ಮರ್ಯಾದೆ ಕುಳಿತಿರುತ್ತದೆ. ಇಂಗ್ಲಿಷಿನ ‘ಯು’ ಎಲ್ಲರಿಗೂ ಒಂದೇ ಆದ್ದರಿಂದ ಆ ಭಾರವನ್ನು ‘ಕುಡ್’, ‘ವುಡ್’ಗಳು ಹೊರಬೇಕಾಗುತ್ತದೆ. ಹಾಗಾದರೆ ‘ನೀನು’ ಎನ್ನುವವರಿಗೆ ಸಲುಗೆಯ ಮಾತು, ‘ನೀವು’ ಎನ್ನುವವರಿಗೆ ಸಾಧಾರಣ ಮಾತು ಎಂದು ಲೆಕ್ಕ ಹಾಕಿಕೊಂಡೆ. ಆ ಲೆಕ್ಕವೂ ಕೈಕೊಟ್ಟಿತು. ನಾವು ಪಕ್ಕದ ಮನೆಯ ಹಿರಿಯರೊಂದಿಗೆ ಎಷ್ಟೇ ಸಲುಗೆಯಿದ್ದರೂ ಜೀವನಪೂರ್ತಿ ‘ನೀವು’ ಎನ್ನುತ್ತೇವೆ. ನಾನು ಪತ್ರವ್ಯವಹಾರ ಮಾಡಿದ ಇಂಗ್ಲಿಷರಾದರೋ, ವಯಸ್ಸು ಎಷ್ಟೇ ಇರಲಿ, ನಾಲ್ಕನೆಯ ಮೇಲಿಗೇ ಮಾತನ್ನು ಸಡಿಲಿಸಿಬಿಡುತ್ತಿದ್ದರು.

ಕೊನೆಗೆ ‘ಕುಡ್ ಯು ಟೆಲ್ ಮಿ’ ಎಂಬುದನ್ನೇ ನೆಲೆಯಾಗಿ ಇಟ್ಟುಕೊಂಡೆ. ಗುರುತಿಲ್ಲದವರಿಗೆ ಅದು ಒರಟಲ್ಲ, ಗುರುತಿರುವವರಿಗೆ ಬಿಗುಮಾನವೂ ಅಲ್ಲ. ಆದರೆ ಅದರ ಬೆನ್ನಿಗೆ ಬರುವ ಪದಗಳ ಕ್ರಮ ನನ್ನನ್ನು ಬಹಳ ಕಾಲ ಕಾಡಿತು. ‘ಹಡಗು ಯಾವಾಗ ಹೊರಡುತ್ತದೆ ಎಂದು ಹೇಳುತ್ತೀರಾ’ ಎನ್ನುವಾಗ ಒಳಗಿನ ಪ್ರಶ್ನೆ ಇದ್ದಂತೆಯೇ ಇರುತ್ತದೆ, ಅದಕ್ಕೆ ‘ಎಂದು’ ಅಂಟಿಸಿದರೆ ಸಾಕು. ಅದೇ ಅಭ್ಯಾಸದಲ್ಲಿ ನಾನು ‘ಕುಡ್ ಯು ಟೆಲ್ ಮಿ ವೆನ್ ಡಸ್ ದ ವೆಸೆಲ್ ಸೇಲ್’ ಎಂದು ಬರೆಯುತ್ತಿದ್ದೆ; ಸರಿಯಾದದ್ದು ‘ವೆನ್ ದ ವೆಸೆಲ್ ಸೇಲ್ಸ್’.

ಎದುರಿನವರಿಗೆ ಉತ್ತರ ಗೊತ್ತಿರುವುದೇ ಅನುಮಾನವಾದಾಗ ‘ಡು ಯು ಹ್ಯಾಪನ್ ಟು ನೋ’ ನನಗೆ ಬಹಳ ಹಿಡಿಸಿತು. ‘ನಿಮಗೇನಾದರೂ ಗೊತ್ತಿದೆಯೇ’ ಎಂಬ ನಮ್ಮ ಮಾತಿನಲ್ಲಿ ಆ ‘ಏನಾದರೂ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ: ಗೊತ್ತಿಲ್ಲವೆಂದರೂ ಕೇಳಿಸಿಕೊಂಡವರಿಗೆ ಮುಖಭಂಗವಾಗುವುದಿಲ್ಲ. ‘ವುಡ್ ಯು ಮೈಂಡ್’ ಮಾತ್ರ ನನಗೆ ಪಾಠ ಕಲಿಸಿತು. ಸರಕು ಯಾವ ದೇಶದ್ದೆಂದು ತಿಳಿಸುವ ಪ್ರಮಾಣಪತ್ರದಲ್ಲಿ ಅರವತ್ತು ಕಿಲೋ ಚೀಲಗಳ ಸಂಖ್ಯೆಯನ್ನು ಇನ್ನೊಮ್ಮೆ ನೋಡುವಿರಾ ಎಂಬ ಅರ್ಥದಲ್ಲಿ ‘ವುಡ್ ಯು ಮೈಂಡ್ ಚೆಕಿಂಗ್’ ಎಂದು ಫೋನಿನಲ್ಲಿ ಕೇಳಿದಾಗ ಆ ಕಡೆಯಿಂದ ‘ನೋ’ ಎಂದು ಕೇಳಿಸಿತು. ಒಪ್ಪಲಿಲ್ಲವಲ್ಲ ಎಂದು ಪೆಚ್ಚಾಗಿ ‘ಓಕೆ, ಥ್ಯಾಂಕ್ಯೂ’ ಎಂದು ಫೋನಿಟ್ಟೆ. ‘ವುಡ್ ಯು ಮೈಂಡ್’ ಎಂದರೆ ‘ಅಡ್ಡಿಯಿದೆಯೇ’ ಎಂದು ಕೇಳಿದಂತೆ, ಹಾಗಾಗಿ ನೋಡಲು ಅಡ್ಡಿಯಿಲ್ಲ ಎಂದೇ ಅವರು ಹೇಳಿದ್ದು. ಹತ್ತು ನಿಮಿಷದಲ್ಲಿ ಸರಿಯಾದ ಸಂಖ್ಯೆಯ ಸಮೇತ ಅವರೇ ತಿರುಗಿ ಕರೆ ಮಾಡಿದರು.

ಲಂಡನ್ನಿನ ಆ ಖರೀದಿದಾರರೇ ಈಗ ನನಗೆ ವಾಟ್ಸಾಪಿನಲ್ಲಿ ‘ಎನಿ ನ್ಯೂಸ್ ಆನ್ ದ ಶಿಪ್‌ಮೆಂಟ್?’ ಎಂದು ಎರಡು ಸೆಕೆಂಡಿನಲ್ಲಿ ಕೇಳುತ್ತಾರೆ, ನಾನೂ ಅದೇ ಧಾಟಿಯಲ್ಲಿ ಉತ್ತರಿಸುತ್ತೇನೆ. ಬಾಕಿ ಹಣ ಯಾವಾಗ ಬರುತ್ತದೆ ಎಂದು ಕೇಳಬೇಕಾದ ದಿನ ಮಾತ್ರ ಮೇಲ್ ತೆರೆದು, ‘ಕುಡ್ ಯು ಟೆಲ್ ಮಿ’ಯಿಂದಲೇ ಆರಂಭಿಸುತ್ತೇನೆ.