ಮೇಷ್ಟ್ರ 18,000 ರೂಪಾಯಿಯ ಕೇಬಲ್

ಕೇಬಲ್ ಎಳೆಯೋದೇ ನನ್ನ ಕಸುಬು. ದಾವಣಗೆರೆಯಲ್ಲಿ ಅಂಗಡಿ, ಶಾಲೆ, ಮನೆ ಅಂತ ಹದಿನಾಲ್ಕು ವರ್ಷದಿಂದ ನೆಟ್‌ವರ್ಕ್ ವೈರಿಂಗ್ ಮಾಡಿಕೊಂಡು ಬಂದಿದ್ದೇನೆ. ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ ಅಂತ ಕಣ್ಣು ಮುಚ್ಚಿಕೊಂಡರೂ ಬೆರಳು ಎಳೆಗಳನ್ನು ಜೋಡಿಸುತ್ತೆ. ಹಾಗಾಗಿ ಪಿ.ಜೆ. ಬಡಾವಣೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿ, "ಏನಪ್ಪಾ, ಹಾಡು ಕೇಳೋಕೆ ಅಂತ ಒಂದು ಲ್ಯಾನ್ ಕೇಬಲ್ ತರ್ಸಿದೀನಿ, 18,000 ಆಯ್ತು" ಅಂದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕಂಪ್ಯೂಟರುಗಳನ್ನು ಒಂದಕ್ಕೊಂದು ಕೂಡಿಸುವ ಒಂದೂವರೆ ಮೀಟರ್ ಕೇಬಲ್ ಅದು. ನಾನು ಹಾಕುವ ಕ್ಯಾಟ್ 6 ಕೇಬಲ್ 305 ಮೀಟರಿನ ಡಬ್ಬದಲ್ಲಿ ಬರುತ್ತೆ. ಆ ದುಡ್ಡಿಗೆ ಅಂಥ ಇಡೀ ಡಬ್ಬವೇ ಬಂದು ದುಡ್ಡು ಉಳಿಯುತ್ತಿತ್ತು.

ಮೇಷ್ಟ್ರಿಗೆ ಗೊತ್ತಿತ್ತು, ನನಗೂ ಹಾಡಿನ ಹುಚ್ಚು ಅಂತ. "ನಿಮ್ಮನೇಲಿ ಹಾಕಿ ಕೇಳು, ಆಮೇಲೆ ಮಾತಾಡು" ಅಂತ ಡಬ್ಬಿ ಸಮೇತ ಕೊಟ್ಟು ಕಳಿಸಿದರು. ಡಬ್ಬಿಯೊಳಗೆ ಮಖಮಲ್ಲು. ಕೇಬಲ್ ನನ್ನ ಕಿರುಬೆರಳಿಗಿಂತ ದಪ್ಪ, ಮೇಲೆ ಬಟ್ಟೆಯ ಹೆಣಿಗೆ, ಎರಡೂ ತುದಿಗೆ ಭಾರದ ಲೋಹದ ಪ್ಲಗ್ಗು. ಕೆಲಸಗಾರನ ಕಣ್ಣಲ್ಲಿ ಹೇಳಬೇಕೆಂದರೆ, ಕ್ರಿಂಪಿಂಗ್, ಅಂದರೆ ತಂತಿಗೆ ಪ್ಲಗ್ಗು ಒತ್ತಿ ಕೂರಿಸಿದ ಕೆಲಸ, ಬಹಳ ಅಚ್ಚುಕಟ್ಟು.

ನಿಟುವಳ್ಳಿಯ ನಮ್ಮ ಮನೆ ಮಹಡಿ ಮೇಲೆ ಸಣ್ಣ ರೂಮು ನನ್ನದು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿನ ಮೇಲೆ ಡ್ಯಾಕ್ (ಅಂಕಿಗಳನ್ನು ಹಾಡಿನ ಅಲೆಯಾಗಿ ಮಾಡುವ ಬೋರ್ಡು) ಕೂರಿಸಿ ಮಾಡಿದ ಸ್ಟ್ರೀಮರ್ (ನೆಟ್‌ವರ್ಕಿನಿಂದ ಹಾಡು ತಂದು ನುಡಿಸುವ ಪೆಟ್ಟಿಗೆ), ಮೂರು ಪಿನ್ನಿನ ಪ್ಲಗ್ಗಿನ ಹಳೇ ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್. ಹಾಡುಗಳೆಲ್ಲ ಕೆಳಗಿನ ಕಂಪ್ಯೂಟರಿನಲ್ಲಿ ಫ್ಲ್ಯಾಕ್ ಫೈಲುಗಳಾಗಿ, ಅಂದರೆ ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲುಗಳಾಗಿ ಕೂತಿವೆ. ಅಲ್ಲಿಂದ ಮೇಲಕ್ಕೆ ನಾನೇ ಎಳೆದ ಕೇಬಲ್, ರೂಮಿನಲ್ಲಿ ಒಂದು ಪ್ಲಾಸ್ಟಿಕ್ ನೆಟ್‌ವರ್ಕ್ ಸ್ವಿಚ್ (ಲ್ಯಾನ್ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ), ಅಲ್ಲಿಂದ ಸ್ಟ್ರೀಮರಿಗೆ ಗಿಡ್ಡ ಕೇಬಲ್. ಆ ಗಿಡ್ಡದ್ದನ್ನು ತೆಗೆದು ಮೇಷ್ಟ್ರದ್ದನ್ನು ಹಾಕಿದೆ. ರಾತ್ರಿ ಹತ್ತೂವರೆಗೆ ಮಲ್ಲಿಕಾರ್ಜುನ ಮನ್ಸೂರರನ್ನು ಹಚ್ಚಿದೆ.

ನಿಜ ಹೇಳುತ್ತೇನೆ, ವ್ಯತ್ಯಾಸ ಕೇಳಿಸಿತು. ತಂಬೂರಿ ಹಿಂದೆ ಸರಿದು ನಿಂತ ಹಾಗೆ, ಮನ್ಸೂರರು ಉಸಿರು ಎಳೆದುಕೊಳ್ಳೋದು ಹತ್ತಿರದಲ್ಲೇ ಕೇಳಿದ ಹಾಗೆ. ಹೆಂಡತಿಯನ್ನು ಕರೆದು ಕೂರಿಸಿದೆ. ಅವಳು ಎರಡು ನಿಮಿಷ ಕೇಳಿ, "ಫ್ಯಾನ್ ಆಫ್ ಮಾಡಿದೀರಲ್ಲ, ಅದಕ್ಕೆ" ಅಂದು ಕೆಳಗೆ ಹೋದಳು. ಹೌದು, ಏಪ್ರಿಲ್ ತಿಂಗಳ ಸೆಕೆಯಲ್ಲೂ ಹೊಸ ಕೇಬಲ್ಲಿನ ಮರ್ಯಾದೆಗೆ ಅಂತ ಫ್ಯಾನ್ ನಿಲ್ಲಿಸಿದ್ದೆ. ಹಳೇ ಕೇಬಲ್ಲಿಗೆ ಆ ಮರ್ಯಾದೆ ಯಾವತ್ತೂ ಕೊಟ್ಟಿರಲಿಲ್ಲ.

ಸರಿ, ಪರೀಕ್ಷೆ ಮಾಡೋಣ ಅಂತ ಮಗಳನ್ನು ಹಿಡಿದೆ. ಪಿಯುಸಿ ಓದುತ್ತಾಳೆ. ನಿಯಮ ಅವಳದ್ದೇ. ನಾನು ಗೋಡೆಗೆ ಮುಖ ಮಾಡಿ ಕೂತು, ಹಾಡು ಕೇಳಿ ಯಾವ ಕೇಬಲ್ ಅಂತ ಹೇಳಬೇಕು. ಅವಳು ನಾಣ್ಯ ಚಿಮ್ಮಿ, ಬಿದ್ದ ಪ್ರಕಾರ ಕೇಬಲ್ ಹಾಕುತ್ತಾಳೆ. ಅದೇ ಕೇಬಲ್ ಮತ್ತೆ ಬಂದರೂ ಒಮ್ಮೆ ಕಿತ್ತು ಹಾಕಬೇಕು. ಒಂದೇ ಹಾಡಿನ ಅದೇ ಒಂದು ನಿಮಿಷ, ವಾಲ್ಯೂಮ್ ಮುಟ್ಟುವ ಹಾಗಿಲ್ಲ, ಫ್ಯಾನ್ ಎರಡಕ್ಕೂ ಬಂದ್. ಒಟ್ಟು ಹತ್ತು ಸಲ. ಮ್ಯಾಥ್ಸ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಅವಳು ಬರೆದುಕೊಳ್ಳುತ್ತಾಳೆ.

ಹತ್ತಕ್ಕೆ ಎಂಟು ಸರಿ ಹೇಳಿದೆ! ಸುಮ್ನೆ ಊಹೆ ಮಾಡಿದರೆ ಹತ್ತಕ್ಕೆ ಎಂಟೋ ಅದಕ್ಕಿಂತ ಜಾಸ್ತಿಯೋ ಬೀಳೋದು ನೂರಕ್ಕೆ 5.5 ಸಲ ಅಷ್ಟೇ. ಮೇಷ್ಟ್ರಿಗೆ ಫೋನ್ ಮಾಡೋಕೆ ಹೊರಟಿದ್ದೆ. ಮಗಳು ತಡೆದಳು. "ಅಪ್ಪಾ, ನೀನು ಹಾಡು ಶುರುವಾಗೋ ಮುಂಚೆನೇ ತಲೆ ಆಡಿಸ್ತಿದ್ದೆ."

ಆಗ ಹೊಳೀತು. ನನ್ನ ಪ್ಲಾಸ್ಟಿಕ್ ಪ್ಲಗ್ಗು ಸಾಕೆಟ್ಟಿಗೆ ಕೂತರೆ 'ಚಿಟ್' ಅನ್ನುತ್ತೆ. ಮೇಷ್ಟ್ರ ಲೋಹದ ಪ್ಲಗ್ಗು 'ಟಕ್' ಅನ್ನುತ್ತೆ. ಹದಿನಾಲ್ಕು ವರ್ಷ ಕೇಳಿದ ಸದ್ದು ಅದು, ನನ್ನ ಕಿವಿ ಹಾಡಿಗಿಂತ ಮೊದಲೇ ತೀರ್ಪು ಕೊಟ್ಟುಬಿಟ್ಟಿತ್ತು. ಮೋಸ ಮಾಡುವ ಮನಸ್ಸು ನನಗೆ ಇರಲಿಲ್ಲ, ಆದರೂ ಆಗಿತ್ತು. ಮಾರನೇ ದಿನ ಕೇಬಲ್ ಬದಲಿಸುವಾಗೆಲ್ಲ ನಾನು ಬಾಲ್ಕನಿಗೆ ಹೋಗಿ ನಿಂತೆ. ಹತ್ತಕ್ಕೆ ನಾಲ್ಕು ಸರಿ. ಅದರ ಮಾರನೇ ದಿನ ಐದು. ಮೊದಲ ರಾತ್ರಿ ಹಿಂದೆ ಸರಿದಿದ್ದ ತಂಬೂರಿ ಯಾವುದು, ಮುಂದೆ ಬಂದಿದ್ದು ಯಾವುದು, ಗೊತ್ತೇ ಆಗಲಿಲ್ಲ.

ಕಸುಬಿನವನಾಗಿ ಇದು ನನಗೆ ಮೊದಲೇ ಹೊಳೀಬೇಕಿತ್ತು. ಸಿಡಿ ಗುಣಮಟ್ಟದ ಹಾಡು ಅಂದರೆ ಸೆಕೆಂಡಿಗೆ 44,100 ಸಲ ತೆಗೆದ ಅಳತೆ, ಒಂದೊಂದೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಗಿಗಾಬಿಟ್ ಲ್ಯಾನಿನಲ್ಲಿ ಸೆಕೆಂಡಿಗೆ 100 ಕೋಟಿ ಬಿಟ್ ಹೋಗುತ್ತೆ. ಅಷ್ಟು ಅಗಲದ ರಸ್ತೆಯಲ್ಲಿ ಒಂದು ಸೈಕಲ್ ಇದು. ಜೊತೆಗೆ ಈ ಬಿಟ್‌ಗಳು ಸಾಲಾಗಿ ಹಾಡುತ್ತಾ ಬರೋದಿಲ್ಲ, ಮೂಟೆ ಕಟ್ಟಿಕೊಂಡು ಬರುತ್ತವೆ. ಪ್ರತಿ ಮೂಟೆಗೂ ಒಳಗಿನ ಲೆಕ್ಕದ ಚೀಟಿ ಇರುತ್ತೆ. ಲೆಕ್ಕ ತಾಳೆಯಾಗಲಿಲ್ಲ ಅಂದರೆ ಮೂಟೆಯನ್ನೇ ಎಸೆದು, ಟಿಸಿಪಿ ಅನ್ನೋ ನೆಟ್‌ವರ್ಕ್ ನಿಯಮ ಇನ್ನೊಂದನ್ನು ತರಿಸಿಕೊಳ್ಳುತ್ತೆ. ಬಂದ ಮೂಟೆಗಳನ್ನು ಸ್ಟ್ರೀಮರ್ ತನ್ನ ಮೆಮೊರಿಯಲ್ಲಿ ಸುರಿದುಕೊಂಡು, ತನ್ನದೇ ಗಡಿಯಾರದ ತಾಳಕ್ಕೆ ಡ್ಯಾಕಿಗೆ ಕೊಡುತ್ತೆ.

ಇದನ್ನು ನೋಡಬೇಕು ಅಂದರೆ ಸುಲಭ. ಹಾಡು ನಡೀತಿರುವಾಗಲೇ ಕೇಬಲ್ ಕಿತ್ತುಬಿಡಿ. ನಮ್ಮನೇಲಿ ಕಿತ್ತ ಮೇಲೂ ಎಂಟು ಸೆಕೆಂಡ್ ಮನ್ಸೂರರು ಆರಾಮಾಗಿ ತಾನ್ ಹೊಡೆದರು. ಪ್ಲಗ್ಗು ನನ್ನ ಕೈಯಲ್ಲಿ ನೇತಾಡುತ್ತಿತ್ತು. ಆ ಎಂಟು ಸೆಕೆಂಡಿನ ನಾದಕ್ಕೆ ಯಾವ ಕೇಬಲ್ ಕಾರಣ, ನೀವೇ ಹೇಳಿ.

ಇಷ್ಟನ್ನೂ ಮೇಷ್ಟ್ರಿಗೆ ಹೇಳಿದೆ. ಅವರು ಬಿಡಬೇಕಲ್ಲ! "ನಿನ್ನ ಸ್ವಿಚ್ ಅಗ್ಗದ್ದು. ಅದರಲ್ಲಿ ಕೇಬಲ್ಲಿನ ಗುಣ ಎಲ್ಲಿ ಕಾಣುತ್ತೆ?" ಅಂದರು. ಅದೂ ಆಗಲಿ ಅಂತ, ಒಂದು ಆಫೀಸಿನಿಂದ ಬಿಚ್ಚಿ ತಂದಿದ್ದ 24 ಪೋರ್ಟಿನ ಲೋಹದ ಸ್ವಿಚ್ ಇತ್ತು, ಅದನ್ನು ಪಕ್ಕದ ರೂಮಿನ ಸಾಕೆಟ್ಟಿನಲ್ಲಿ ಚಾಲೂ ಮಾಡಿ ಮೇಷ್ಟ್ರ ಕೇಬಲ್ಲನ್ನು ಬಾಗಿಲ ಸಂದಿಯಿಂದ ತಂದು ಸಿಕ್ಕಿಸಿದೆ.

ಈ ಸಲ ವ್ಯತ್ಯಾಸ ಮಗಳಿಗೂ ಕೇಳಿಸಿತು, ಕೆಳಗಿದ್ದ ಹೆಂಡತಿಗೂ ಕೇಳಿಸಿತು. ಸ್ಪೀಕರಿನಿಂದ 'ಗುಂಯ್' ಅಂತ ಸದ್ದು, ಹಾಡು ನಿಲ್ಲಿಸಿದರೂ ನಿಲ್ಲದು. ನನ್ನ ಸಾದಾ ಕೇಬಲ್ ಹಾಕಿದೆ, ಸದ್ದು ಮಾಯ. ಮತ್ತೆ ಮೇಷ್ಟ್ರದ್ದು, ಮತ್ತೆ ಗುಂಯ್.

ಕಾರಣ ಕಂಡುಹಿಡಿಯೋಕೆ ಅರ್ಧ ಗಂಟೆ ಹಿಡಿಯಿತು. ಲ್ಯಾನ್ ಸಾಕೆಟ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿವೆ. ಎಂಟು ತಂತಿಯಲ್ಲಿ ಬರುವ ಸಿಗ್ನಲ್ಲು ಅದನ್ನು ದಾಟಿ ಹೋಗುತ್ತೆ, ಆದರೆ ಎರಡು ಪೆಟ್ಟಿಗೆಗಳ ನಡುವೆ ತಾಮ್ರ ನೇರ ಕೂಡೋದಿಲ್ಲ. ದುಬಾರಿ ಕೇಬಲ್ಲಿಗೆ ಶೀಲ್ಡ್ ಇದೆ, ಅಂದರೆ ಸುತ್ತ ಲೋಹದ ಹೊದಿಕೆ. ಅದು ಪ್ಲಗ್ಗಿನ ಲೋಹದ ಮೂಲಕ ಸ್ವಿಚ್ಚಿನ ಅರ್ಥಿಂಗನ್ನು ಸ್ಟ್ರೀಮರಿಗೆ, ಅಲ್ಲಿಂದ ಆರ್‌ಸಿಎ ಅನ್ನೋ ಆಡಿಯೋ ವೈರಿನಲ್ಲಿ ಆಂಪ್ಲಿಫೈಯರಿನ ಅರ್ಥಿಂಗಿಗೆ ಕಟ್ಟಿಹಾಕಿತು. ಎರಡು ರೂಮಿನ ಎರಡು ಅರ್ಥಿಂಗ್ ಸೇರಿ ಒಂದು ಸುತ್ತು ಆಯ್ತು. ಆ ಸುತ್ತಿನಲ್ಲಿ ಮನೆಯ ಕರೆಂಟಿನ 50 ಹರ್ಟ್ಸ್ ಹರಿದು ಸ್ಪೀಕರಿಗೆ ಬಂತು. ಪ್ಲಾಸ್ಟಿಕ್ ಸ್ವಿಚ್ ಇದ್ದಾಗ ಅದಕ್ಕೆ ಅರ್ಥಿಂಗೂ ಇರಲಿಲ್ಲ, ಸಾಕೆಟ್ಟಿಗೆ ಲೋಹವೂ ಇರಲಿಲ್ಲ, ಗಲಾಟೆಯೂ ಇರಲಿಲ್ಲ. ಮನೆಗೆ ಶೀಲ್ಡ್ ಇಲ್ಲದ ಯುಟಿಪಿ ಕೇಬಲ್ಲೇ ಸಾಕು ಅಂತ ನಾನು ಹೇಳೋದು ಅದಕ್ಕೇ.

ಆ ದೊಡ್ಡ ಸ್ವಿಚ್ಚಿನಿಂದ ಇನ್ನೊಂದು ಉಪಕಾರ ಆಯ್ತು. ಕೆಟ್ಟ ಮೂಟೆ ಎಷ್ಟು ಬಂದವು ಅಂತ ಅದು ಪ್ರತಿ ಪೋರ್ಟಿಗೂ ಲೆಕ್ಕ ಇಡುತ್ತೆ. ಪೈ ಕೂಡ ತನ್ನ ಕಡೆಯ ಲೆಕ್ಕ ಇಡುತ್ತೆ. ಸಾದಾ ಕೇಬಲ್ ಒಂದು ವಾರ ಓಡಿಸಿದೆ, ಎರಡೂ ಕಡೆ ಸೊನ್ನೆ. ಸೊನ್ನೆಗಿಂತ ಕಡಿಮೆ ಮಾಡೋಕೆ 18,000ಕ್ಕೂ ಆಗಲ್ಲ ಅಲ್ವಾ? ಆಮೇಲೆ ಹಳೇ ಊರಿನ ಒಂದು ಮನೆಯಿಂದ ಇಲಿ ಕಡಿದ ಕೇಬಲ್ ತಂದು ಅದನ್ನೂ ಹಾಕಿ ನೋಡಿದೆ. ಲೆಕ್ಕ ಏರುತ್ತಲೇ ಹೋಯಿತು. ಹಾಡು ಮಸುಕಾಗಲಿಲ್ಲ, ತಂಬೂರಿ ಎಲ್ಲಿಗೂ ಸರಿಯಲಿಲ್ಲ. ಸ್ವಲ್ಪ ಹೊತ್ತು ಸರಿಯಾಗಿ ಹಾಡಿ, ತಟ್ಟನೆ ನಿಂತು, ಮತ್ತೆ ಶುರುವಾಯಿತು. ಕೆಟ್ಟ ಲ್ಯಾನ್ ಕೇಬಲ್ ಹಾಡನ್ನು ಕಡಿಯುತ್ತೆ, ದನಿಯ ಬಣ್ಣ ಬದಲಿಸಲ್ಲ. ಸ್ಪೀಕರ್ ವೈರಿನ ಮಾತು ಬೇರೆ, ಅಲ್ಲಿ ಹರಿಯೋದು ಹಾಡಿನ ಅಲೆಯೇ. ತೀರಾ ತೆಳ್ಳಗಿನ ವೈರು ಉದ್ದಕ್ಕೆ ಎಳೆದರೆ ಅಲ್ಲಿ ನಿಜಕ್ಕೂ ನಷ್ಟ ಇದೆ.

ಮೂರು ವಾರದ ಮೇಲೆ ಕೇಬಲ್ ವಾಪಸ್ ಕೊಡೋಕೆ ಹೋದೆ. ಮೇಷ್ಟ್ರು ನೋಟ್‌ಬುಕ್ಕಿನ ಹಾಳೆಯನ್ನು ಕನ್ನಡಕ ಹಾಕಿ ಪೂರ್ತಿ ಓದಿದರು. ನಾಲ್ಕು, ಐದು ಅಂಕ ನೋಡಿ, "ಇಷ್ಟಕ್ಕೆ ನಾನು ಪಾಸ್ ಮಾಡ್ತಿದ್ದೆ" ಅಂದರು. ಅವರ ಸ್ಪೀಕರುಗಳು ಗಾಜಿನ ಶೋಕೇಸಿನೊಳಗೆ, ಗೊಂಬೆಗಳ ನಡುವೆ ಕೂತಿದ್ದವು. ಇಬ್ಬರೂ ಸೇರಿ ಹೊರಗೆ ತೆಗೆದು, ಗೋಡೆಯಿಂದ ಎರಡು ಅಡಿ ದೂರಕ್ಕೆ ಸ್ಟೂಲ್ ಮೇಲೆ ಇಟ್ಟೆವು. ಹಾಡು ಹಚ್ಚಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಕೇಬಲ್ ವಾಪಸ್ ಕಳಿಸಿಬಿಡ್ಲಾ?" ಅಂದರು. ಬಿಲ್ ತೆಗೆದು ನೋಡಿದೆವು. ವಾಪಸ್ ಮಾಡಲು ಕೊಟ್ಟಿದ್ದು ಹದಿನೈದು ದಿನ. ಅದು ನಮ್ಮನೇಲಿ ಇದ್ದಾಗಲೇ ಮುಗಿದಿತ್ತು.