ಮೂರು ಜಾವಾ ಅಪ್ಲಿಕೇಶನ್‌ಗಳಿಗೆ ಒಂದೇ ಲಾಗಿನ್: ನನ್ನ ಅನುಭವ

ನಮ್ಮ ತಂಡದ ಕೈಯಲ್ಲಿ ಮೂರು ವೆಬ್ ಅಪ್ಲಿಕೇಶನ್‌ಗಳಿದ್ದವು. ಎರಡು ಸ್ಪ್ರಿಂಗ್ ಬೂಟ್ 3ರವು. ಮೂರನೆಯದು ಹಳೆಯದು: ಜಾವಾ 8, ಟಾಮ್‌ಕ್ಯಾಟ್ 9, ಸರ್ವ್‌ಲೆಟ್ ಮತ್ತು ಜೆಎಸ್‌ಪಿ. ಮೂರಕ್ಕೂ ಬೇರೆ ಬೇರೆ ಯೂಸರ್ ಟೇಬಲ್, ಬೇರೆ ಬೇರೆ ಪಾಸ್‌ವರ್ಡ್. ಯಾರಾದರೂ ಕೆಲಸ ಬಿಟ್ಟರೆ ಮೂರು ಕಡೆ ಅಕೌಂಟ್ ಮುಚ್ಚಬೇಕು. ಒಂದು ಕಡೆ ಮರೆತರೂ ಅವರು ಒಳಗೆ ಬರಬಹುದು. ಸಿಂಗಲ್ ಸೈನ್-ಆನ್, ಅಂದರೆ ಎಲ್ಲದಕ್ಕೂ ಒಂದೇ ಲಾಗಿನ್, ಬೇಕೇ ಬೇಕು ಅಂತ ನಾನು ಹಟ ಹಿಡಿದದ್ದು ಮುಖ್ಯವಾಗಿ ಇದಕ್ಕೆ. ಪದೇ ಪದೇ ಪಾಸ್‌ವರ್ಡ್ ಹಾಕುವ ಕಿರಿಕಿರಿ ಆಮೇಲಿನ ಮಾತು.

ಲಾಗಿನ್ ಸರ್ವರ್ ಆಗಿ ಕೀಕ್ಲೋಕ್ ತೆಗೆದುಕೊಂಡೆವು. ಅಪ್ಲಿಕೇಶನ್‌ಗಳು ಅದರ ಜೊತೆ ಮಾತಾಡುವ ಪ್ರೋಟೋಕಾಲ್ ಓಪನ್‌ಐಡಿ ಕನೆಕ್ಟ್. 2005ರಿಂದ ಇರುವ ಇನ್ನೊಂದು ಪ್ರೋಟೋಕಾಲ್ ಸ್ಯಾಮಲ್ 2.0 ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದರ ಎಕ್ಸ್‌ಎಂಎಲ್ ಸಹಿಗಳಲ್ಲಿ ಏನಾದರೂ ತಪ್ಪಿದರೆ ಹುಡುಕುವುದು ಕಷ್ಟ. ನಮ್ಮ ಮೂರೂ ಅಪ್ಲಿಕೇಶನ್‌ಗಳ ಕೋಡ್ ನಮ್ಮ ಕೈಯಲ್ಲೇ ಇತ್ತು. ಹಾಗಿದ್ದ ಮೇಲೆ ಓಪನ್‌ಐಡಿ ಕನೆಕ್ಟ್ ಕೊಡುವ ಜೇಸನ್ ಟೋಕನ್ (ಲಾಗಿನ್ ಆದವರು ಯಾರು ಅಂತ ಹೇಳುವ ಸಹಿ ಮಾಡಿದ ಚೀಟಿ) ಓದುವುದೇ ಸುಲಭ, ಅಲ್ವಾ? ಇನ್ನೊಂದು ಮಾತು. ಕೀಕ್ಲೋಕ್‌ನದೇ ಸ್ಪ್ರಿಂಗ್ ಅಡಾಪ್ಟರ್ ಬಳಸುವ ಹಳೆಯ ಉದಾಹರಣೆಗಳು ಎಲ್ಲೆಡೆ ಸಿಗುತ್ತವೆ. ಆ ಅಡಾಪ್ಟರ್ ಕಾಲ ಮುಗಿದಿದೆ. ಸ್ಪ್ರಿಂಗ್‌ನ ಭದ್ರತಾ ಲೈಬ್ರರಿಯಾದ ಸ್ಪ್ರಿಂಗ್ ಸೆಕ್ಯುರಿಟಿಯಲ್ಲೇ ಇರುವ ಓಆತ್ 2 (ಓಪನ್‌ಐಡಿ ಕನೆಕ್ಟ್‌ನ ಅಡಿಪಾಯ) ಕ್ಲೈಂಟ್ ಸಾಕು.

ಕಾನ್ಫಿಗರ್ ಮಾಡುವ ಮುಂಚೆ ಒಂದು ಚಿತ್ರ ತಲೆಯಲ್ಲಿ ಕೂರಬೇಕು. ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಬ್ರೌಸರ್ ದಾರಿ: ಅಪ್ಲಿಕೇಶನ್ ಬ್ರೌಸರನ್ನು ಕೀಕ್ಲೋಕ್‌ಗೆ ಕಳಿಸುತ್ತದೆ, ಲಾಗಿನ್ ಆದ ಮೇಲೆ ಬ್ರೌಸರ್ ಒಂದು ಕೋಡ್ ಹಿಡಿದು ವಾಪಸ್ ಬರುತ್ತದೆ. ಎರಡನೆಯದು ಸರ್ವರ್ ದಾರಿ: ಅಪ್ಲಿಕೇಶನ್ ಆ ಕೋಡ್ ಕೊಟ್ಟು ಕೀಕ್ಲೋಕ್‌ನಿಂದ ನೇರವಾಗಿ ಟೋಕನ್ ಪಡೆಯುತ್ತದೆ. ಇದಕ್ಕೆ ಬ್ರೌಸರ್‌ನ ಸಂಬಂಧವೇ ಇಲ್ಲ. ಯಾವ ಎರರ್ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದು ಯಾವ ದಾರಿಯಲ್ಲಿ ಬಂತು?

ಸರ್ವರ್ ದಾರಿಯಲ್ಲಿ ತಡೆಯುವುದು ಹೆಚ್ಚಾಗಿ ಹೆಸರು ಮತ್ತು ಸರ್ಟಿಫಿಕೇಟ್. ಟೋಕನ್ ಒಳಗಿನ ಇಷ್ಯೂಅರ್ (ಟೋಕನ್ ಕೊಟ್ಟ ಸರ್ವರ್) ವಿಳಾಸಕ್ಕೂ ನಾವು ಕಾನ್ಫಿಗ್‌ನಲ್ಲಿ ಬರೆದ ವಿಳಾಸಕ್ಕೂ ಒಂದು ಅಕ್ಷರದ ವ್ಯತ್ಯಾಸವೂ ಇರಬಾರದು. ಕೊನೆಯ ಒಂದು ಸ್ಲ್ಯಾಶ್ ಜಾಸ್ತಿಯಾದರೂ ಸ್ಪ್ರಿಂಗ್ ಒಪ್ಪುವುದಿಲ್ಲ. ಕಂಟೈನರ್‌ಗಳಲ್ಲಿ ಇದು ಜೋರಾಗಿ ಕಾಡುತ್ತದೆ. ಒಳಗಿನ ನೆಟ್‌ವರ್ಕ್‌ನಲ್ಲಿ ಕೀಕ್ಲೋಕ್‌ಗೆ ಒಂದು ಹೆಸರು, ಹೊರಗೆ ಬ್ರೌಸರ್‌ಗೆ ಇನ್ನೊಂದು. ಹೊರಗಿನ ಹೆಸರೇ ಒಳಗಿನಿಂದಲೂ ಸಿಗುವ ಹಾಗೆ ನಾವು ಡಿಎನ್‌ಎಸ್ ಹೊಂದಿಸಿದೆವು. ಇಷ್ಯೂಅರ್ ವಿಳಾಸ ಕೊಟ್ಟಿದ್ದರೆ ಬೂಟ್ ಅಪ್ಲಿಕೇಶನ್ ಶುರುವಾಗುವಾಗಲೇ ಕೀಕ್ಲೋಕ್‌ನಿಂದ ವಿವರ ಓದುತ್ತದೆ ಅನ್ನುವುದೂ ನೆನಪಿರಲಿ. ಆ ಹೊತ್ತಿನಲ್ಲಿ ಕೀಕ್ಲೋಕ್ ನಿಂತುಹೋಗಿದ್ದರೆ ಅಪ್ಲಿಕೇಶನ್ ಏಳುವುದೇ ಇಲ್ಲ. ಲಾಗ್‌ನಲ್ಲಿ 'ಪಿಕಿಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್' ಕಂಡರೆ, ಜಾವಾದ ಟ್ರಸ್ಟ್ ಸ್ಟೋರ್‌ಗೆ (ಅದು ನಂಬುವ ಸರ್ಟಿಫಿಕೇಟ್‌ಗಳ ಪಟ್ಟಿಗೆ) ನಿಮ್ಮ ಒಳಗಿನ ಸಿಎ, ಅಂದರೆ ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರದ, ಸರ್ಟಿಫಿಕೇಟ್ ಗೊತ್ತಿಲ್ಲ ಅಂತ ಅರ್ಥ. ಜಾವಾ ಜೊತೆಗೇ ಬರುವ ಕೀಟೂಲ್‌ನಿಂದ ಸೇರಿಸಿ. ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡುವ ಕೋಡ್ ಹಾಕಬೇಡಿ. ಅದನ್ನು ಆಮೇಲೆ ಯಾರೂ ತೆಗೆಯುವುದಿಲ್ಲ.

ಬ್ರೌಸರ್ ದಾರಿಯಲ್ಲಿ ಮೊದಲ ಅಡ್ಡಿ ರಿವರ್ಸ್ ಪ್ರಾಕ್ಸಿ, ಅಂದರೆ ಅಪ್ಲಿಕೇಶನ್ ಮುಂದೆ ನಿಂತು ಕೋರಿಕೆಗಳನ್ನು ಒಳಗೆ ದಾಟಿಸುವ ಸರ್ವರ್. ಹೊರಗೆ ಎಚ್‌ಟಿಟಿಪಿಎಸ್, ಪ್ರಾಕ್ಸಿ ದಾಟಿದರೆ ಒಳಗೆ ಬರೀ ಎಚ್‌ಟಿಟಿಪಿ. ಅಪ್ಲಿಕೇಶನ್ ತನ್ನ ವಿಳಾಸವನ್ನು ಎಚ್‌ಟಿಟಿಪಿ ಅಂತಲೇ ತಿಳಿದು, ವಾಪಸ್ ಬರುವ ವಿಳಾಸವನ್ನೂ ಹಾಗೇ ಕಳಿಸುತ್ತದೆ. ಕೀಕ್ಲೋಕ್ ಅದನ್ನು ತಿರಸ್ಕರಿಸುತ್ತದೆ. ಪರಿಹಾರಕ್ಕೆ ಎರಡು ಭಾಗ. ಹೊರಗಿನ ಮೂಲ ವಿಳಾಸ ಹೇಳುವ ಎಕ್ಸ್-ಫಾರ್ವರ್ಡೆಡ್ ಹೆಡರ್‌ಗಳನ್ನು ಪ್ರಾಕ್ಸಿ ಕಳಿಸಬೇಕು, ಅಪ್ಲಿಕೇಶನ್ ಅವನ್ನು ನಂಬಬೇಕು. ಬೂಟ್‌ನಲ್ಲಿ ಇದಕ್ಕೆ ಫಾರ್ವರ್ಡ್ ಹೆಡರ್ಸ್ ಸ್ಟ್ರಾಟಜಿ ಅನ್ನುವ ಸೆಟ್ಟಿಂಗ್ ಇದೆ. ಹಳೆಯ ಟಾಮ್‌ಕ್ಯಾಟ್‌ನಲ್ಲಿ ರಿಮೋಟ್ ಐಪಿ ವಾಲ್ವ್ ಹಾಕಿದೆವು. ಹೊರಗಿನಿಂದ ಬರುವ ಇದೇ ಹೆಸರಿನ ಹೆಡರ್‌ಗಳನ್ನು ಪ್ರಾಕ್ಸಿ ಅಳಿಸಿ ತನ್ನದನ್ನೇ ಬರೆಯಬೇಕು. ಕೀಕ್ಲೋಕ್‌ನಲ್ಲಿ ವಾಪಸ್ ವಿಳಾಸಕ್ಕೆ ನಕ್ಷತ್ರ ಹಾಕಿ 'ಎಲ್ಲಿಗಾದರೂ ಹೋಗು' ಅನ್ನುವುದು ಪರಿಹಾರವಲ್ಲ, ಅದು ಕೋಡ್ ಕದಿಯುವವರಿಗೆ ಅನುಕೂಲ. ಪೂರ್ತಿ ವಿಳಾಸವನ್ನೇ ಬರೆಯಿರಿ.

ಎರಡನೆಯ ಅಡ್ಡಿ ಕುಕ್ಕಿ. ಇದು ಬಹಳ ಜನರನ್ನು ಸುಸ್ತು ಮಾಡುತ್ತದೆ. ಡೆವಲಪರ್ ಮೆಷಿನ್‌ನಲ್ಲಿ ಎರಡು ಅಪ್ಲಿಕೇಶನ್ ಓಡುತ್ತಿವೆ ಅನ್ನಿ, ಒಂದು 8080 ಪೋರ್ಟ್‌ನಲ್ಲಿ, ಇನ್ನೊಂದು 8081ರಲ್ಲಿ. ಕುಕ್ಕಿಗಳು ಪೋರ್ಟ್ ನೋಡುವುದಿಲ್ಲ. ಎರಡರ ಸೆಷನ್ ಕುಕ್ಕಿಗೂ ಜೆಸೆಷನ್‌ಐಡಿ ಅಂತಲೇ ಹೆಸರು. ಒಂದು ಇನ್ನೊಂದನ್ನು ಅಳಿಸುತ್ತದೆ. ಲಾಗಿನ್ ಶುರು ಮಾಡಿದಾಗ ಸೆಷನ್‌ನಲ್ಲಿಟ್ಟ ಸ್ಟೇಟ್ ಮೌಲ್ಯ (ವಾಪಸ್ ಬಂದದ್ದು ಅದೇ ಲಾಗಿನ್ ಅಂತ ಹೊಂದಿಸಿ ನೋಡುವ ಗುರುತು) ಬ್ರೌಸರ್ ವಾಪಸ್ ಬರುವಷ್ಟರಲ್ಲಿ ಸಿಗುವುದೇ ಇಲ್ಲ. 'ಆಥರೈಸೇಶನ್ ರಿಕ್ವೆಸ್ಟ್ ನಾಟ್ ಫೌಂಡ್' ಅಂತ ಸ್ಪ್ರಿಂಗ್ ಹೇಳುತ್ತದೆ. ಪ್ರತಿ ಅಪ್ಲಿಕೇಶನ್‌ನ ಸೆಷನ್ ಕುಕ್ಕಿಗೂ ಬೇರೆ ಹೆಸರು ಕೊಟ್ಟರೆ ಮುಗಿಯಿತು. ಕುಕ್ಕಿಯ ಸೇಮ್‌ಸೈಟ್ (ಬೇರೆ ಸೈಟ್‌ನಿಂದ ಬರುವಾಗ ಕುಕ್ಕಿ ಕಳಿಸಬೇಕೇ ಅನ್ನುವ ಸೆಟ್ಟಿಂಗ್) ಸ್ಟ್ರಿಕ್ಟ್ ಆಗಿದ್ದು, ಲಾಗಿನ್ ಸರ್ವರ್ ಬೇರೆ ಡೊಮೇನ್‌ನಲ್ಲಿದ್ದರೂ ಇದೇ ಎರರ್ ಬರುತ್ತದೆ. ಲ್ಯಾಕ್ಸ್ ಇಡಿ.

ಇನ್ನು ಯೂಸರ್‌ಗಳ ವಿಷಯ. ಹಳೆಯ ಟೇಬಲ್‌ಗಳಲ್ಲಿ ಗುರುತು ಇಮೇಲ್ ಆಗಿತ್ತು. ಇಮೇಲ್ ಬದಲಾಗಬಹುದು. ಒಬ್ಬ ವ್ಯಕ್ತಿಗೆ ಬದಲಾಗದ ಗುರುತು ಅಂತ ಓಪನ್‌ಐಡಿ ಕನೆಕ್ಟ್ ಭರವಸೆ ಕೊಡುವುದು ಇಷ್ಯೂಅರ್ ಮತ್ತು ಸಬ್ಜೆಕ್ಟ್ (ಆ ಸರ್ವರ್ ಯೂಸರ್‌ಗೆ ಕೊಟ್ಟ ಐಡಿ) ಎರಡೂ ಸೇರಿದ ಜೋಡಿಗೆ ಮಾತ್ರ. ಅದಕ್ಕೇ ಪ್ರತಿ ಟೇಬಲ್‌ಗೂ ಸಬ್ಜೆಕ್ಟ್ ಕಾಲಂ ಸೇರಿಸಿದೆವು. ಮೊದಲ ಲಾಗಿನ್‌ನಲ್ಲಿ ಮಾತ್ರ ಇಮೇಲ್ ಹೊಂದಿಸಿ ನೋಡುವುದು, ಅದೂ ಕೀಕ್ಲೋಕ್ ಆ ಇಮೇಲ್ ದೃಢವಾಗಿದೆ ಅಂದರೆ ಮಾತ್ರ. ಇಲ್ಲದಿದ್ದರೆ ಇನ್ನೊಬ್ಬರ ಇಮೇಲ್ ಹಾಕಿಕೊಂಡು ಅವರ ಅಕೌಂಟ್‌ಗೆ ನುಗ್ಗಬಹುದು. ರೋಲ್‌ಗಳು, ಅಂದರೆ ಯಾರಿಗೆ ಯಾವ ಅಧಿಕಾರ ಅನ್ನುವುದು, ಸುಮ್ನೆ ಸಿಗುವುದಿಲ್ಲ. ಕೀಕ್ಲೋಕ್ ಅವನ್ನು ಆಕ್ಸೆಸ್ ಟೋಕನ್‌ನಲ್ಲಿ (ಏನು ಮಾಡಬಹುದು ಅನ್ನುವ ಅನುಮತಿ) ಇಡುತ್ತದೆ, ಸ್ಪ್ರಿಂಗ್ ಲಾಗಿನ್ ನೋಡುವುದು ಐಡಿ ಟೋಕನ್ (ಯಾರು ಅನ್ನುವ ಗುರುತು). ಟೋಕನ್‌ನಲ್ಲಿ ಏನಿರಬೇಕು ಅಂತ ಹೇಳುವ ಕೀಕ್ಲೋಕ್ ಮ್ಯಾಪರ್‌ನಲ್ಲಿ ಐಡಿ ಟೋಕನ್‌ಗೂ ಸೇರಿಸು ಅಂತ ಹೇಳಿ, ಈ ಕಡೆ ಆ ರೋಲ್‌ಗಳನ್ನು ಸ್ಪ್ರಿಂಗ್‌ನ ಅಧಿಕಾರಗಳಾಗಿ ಬದಲಿಸುವ ಒಂದು ಚಿಕ್ಕ ಆಥಾರಿಟೀಸ್ ಮ್ಯಾಪರ್ ಬರೆದೆವು.

ಹಳೆಯ ಅಪ್ಲಿಕೇಶನ್ ಬಗ್ಗೆ ಎಲ್ಲರಿಗೂ ಭಯವಿತ್ತು. ಸ್ಪ್ರಿಂಗ್ ಸೆಕ್ಯುರಿಟಿ 6ಕ್ಕೆ ಜಾವಾ 17 ಬೇಕು, ಹಾಗಾಗಿ ಅಲ್ಲಿ 5.8 ಬಳಸಿದೆವು. ವೆಬ್ ಎಕ್ಸ್‌ಎಂಎಲ್‌ನಲ್ಲಿ ಅದರ ಫಿಲ್ಟರ್ ಸೇರಿಸಿ, ಯೂಸರ್ ಹೆಸರಿನ ಆಟ್ರಿಬ್ಯೂಟ್ ಆಗಿ ಪ್ರಿಫರ್ಡ್ ಯೂಸರ್‌ನೇಮ್ ಆರಿಸಿದೆವು. ಗೆಟ್ ರಿಮೋಟ್ ಯೂಸರ್ (ಲಾಗಿನ್ ಆದವರ ಹೆಸರು ಕೊಡುವ ಮೆಥಡ್) ಕರೆಯುತ್ತಿದ್ದ ಜೆಎಸ್‌ಪಿಗಳೆಲ್ಲ ಒಂದು ಸಾಲೂ ಬದಲಾಗದೆ ಓಡಿದವು. ನನಗೆ ತುಂಬಾ ಖುಷಿ ಕೊಟ್ಟ ಕ್ಷಣ ಅದು.

ನಿಜವಾದ ಕಷ್ಟ ಲಾಗೌಟ್‌ನಲ್ಲಿದೆ. ಅಪ್ಲಿಕೇಶನ್ ತನ್ನ ಸೆಷನ್ ಮಾತ್ರ ಅಳಿಸಿದರೆ, ಮುಂದಿನ ಕ್ಲಿಕ್‌ಗೆ ಕೀಕ್ಲೋಕ್ ಪಾಸ್‌ವರ್ಡ್ ಕೇಳದೆ ಮತ್ತೆ ಒಳಗೆ ಬಿಡುತ್ತದೆ. ಹಾಗಾಗಿ ಐಡಿ ಟೋಕನ್ ಜೊತೆ ಕೀಕ್ಲೋಕ್‌ನ ಲಾಗೌಟ್ ವಿಳಾಸಕ್ಕೂ ಕಳಿಸಬೇಕು. ಸ್ಪ್ರಿಂಗ್‌ನಲ್ಲಿ ಇದಕ್ಕೆ ಸಿದ್ಧ ಹ್ಯಾಂಡ್ಲರ್ ಇದೆ. ಆದರೂ ಉಳಿದ ಎರಡು ಅಪ್ಲಿಕೇಶನ್‌ಗಳ ಸೆಷನ್ ಜೀವಂತವಾಗಿರುತ್ತದೆ. ಅದಕ್ಕೆ ಬ್ಯಾಕ್-ಚಾನೆಲ್ ಲಾಗೌಟ್ ಬೇಕು, ಅಂದರೆ ಕೀಕ್ಲೋಕ್ ತಾನೇ ಪ್ರತಿ ಅಪ್ಲಿಕೇಶನ್‌ಗೆ ಸುದ್ದಿ ಮುಟ್ಟಿಸುವುದು. ಸ್ಪ್ರಿಂಗ್ ಸೆಕ್ಯುರಿಟಿ 6.2ರಿಂದ ಇದು ಇದೆ. ಲೋಡ್ ಬ್ಯಾಲೆನ್ಸರ್ ಹಿಂದೆ ಹಲವು ಪ್ರತಿಗಳಿದ್ದರೆ ಸುದ್ದಿ ಮುಟ್ಟುವುದು ಒಂದಕ್ಕೆ ಮಾತ್ರ. ಯಾವ ಸೆಷನ್ ಯಾರದು ಅನ್ನುವ ಪಟ್ಟಿ ಮೊದಲಿಗೆ ಮೆಮೊರಿಯಲ್ಲೇ ಇರುತ್ತದೆ, ಅದನ್ನು ಎಲ್ಲ ಪ್ರತಿಗಳಿಗೂ ಸಿಗುವ ಜಾಗಕ್ಕೆ ಸಾಗಿಸಬೇಕು.

ಹಳೆಯ ಅಪ್ಲಿಕೇಶನ್‌ನ ಸ್ಪ್ರಿಂಗ್ ಸೆಕ್ಯುರಿಟಿ 5.8ರಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಬೇರೆ ಉಪಾಯ ಮಾಡಿದೆವು. ಕೀಕ್ಲೋಕ್‌ನ ಆಕ್ಸೆಸ್ ಟೋಕನ್‌ಗೆ ಮೊದಲೇ ಇರುವ ಆಯಸ್ಸು 5 ನಿಮಿಷ. ಅದು ಮುಗಿದಾಗಲೆಲ್ಲ ನಮ್ಮ ಫಿಲ್ಟರ್ ರಿಫ್ರೆಶ್ ಟೋಕನ್ (ಹೊಸ ಆಕ್ಸೆಸ್ ಟೋಕನ್ ಪಡೆಯಲು ಕೊಟ್ಟಿರುವ ಇನ್ನೊಂದು ಟೋಕನ್) ಕೊಟ್ಟು ಹೊಸದನ್ನು ಕೇಳುತ್ತದೆ. ಬೇರೆ ಕಡೆ ಲಾಗೌಟ್ ಆಗಿದ್ದರೆ, ಅಥವಾ ಅಕೌಂಟ್ ಮುಚ್ಚಿದ್ದರೆ, ಕೀಕ್ಲೋಕ್ ಕೊಡುವುದಿಲ್ಲ. ಆಗ ಸೆಷನ್ ಅಲ್ಲೇ ರದ್ದು. ಚಿತ್ರ, ಸಿಎಸ್‌ಎಸ್ ಫೈಲ್‌ಗಳ ಕೋರಿಕೆಗಳನ್ನು ಈ ಫಿಲ್ಟರ್‌ನಿಂದ ಹೊರಗಿಡಿ. ಇಲ್ಲದಿದ್ದರೆ ಒಂದು ಪೇಜ್ ತೆರೆದಾಗ ಹತ್ತಾರು ಕೋರಿಕೆಗಳು ಒಟ್ಟಿಗೆ ಹೊಸ ಟೋಕನ್ ಕೇಳಲು ಓಡುತ್ತವೆ.