800ಕ್ಕೆ ಭಾಜಕಗಳು ಎಷ್ಟು?

ಉಡುಪಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಭಾಜಕಗಳ ಲೆಕ್ಕ ಹೇಳಿಕೊಡುವಾಗ ನಾನು ಎತ್ತಿಕೊಳ್ಳುವ ಸಂಖ್ಯೆ 800. ಶಂಕರಪುರದ ಕಡೆಯ ಮಕ್ಕಳಿಗೆ ಅದರ ಪರಿಚಯ ಬೇಕಿಲ್ಲ. ಮಲ್ಲಿಗೆಯ ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. 800ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳೆಷ್ಟು ಎಂದರೆ ಎಲ್ಲರೂ 1, 2, 4, 5, 8 ಎಂದು ಪಟ್ಟಿ ಶುರು ಮಾಡುತ್ತಾರೆ. ಮುಂದೆ ಹೋದಂತೆ 32 ಜಾರುತ್ತದೆ, 160 ಯಾರಿಗೂ ನೆನಪಾಗುವುದಿಲ್ಲ.

ಸೂತ್ರವನ್ನು ನಾನು ಮೊದಲೇ ಕೊಡುವುದಿಲ್ಲ. ಘಾತಸೂಚಿಗಳಿಗೆ, ಅಂದರೆ ಪ್ರತಿ ಅವಿಭಾಜ್ಯವೂ ಎಷ್ಟು ಸಲ ಬರುತ್ತದೆ ಎಂಬ ಎಣಿಕೆಗಳಿಗೆ, ತಲಾ ಒಂದು ಕೂಡಿಸಿ ಗುಣಿಸಿ ಎಂದುಬಿಟ್ಟರೆ ಉತ್ತರವೇನೋ ಬರುತ್ತದೆ. ಆ ಒಂದು ಎಲ್ಲಿಂದ ಬಂತು ಎಂದು ಕೇಳಿದರೆ ಬಾಯಿ ಕಟ್ಟುತ್ತದೆ. ಹಾಗಾಗಿ ಮೊದಲು ಅವಿಭಾಜ್ಯ ಅಪವರ್ತನಗಳಾಗಿ ಒಡೆಸುತ್ತೇನೆ: ಐದು 2, ಎರಡು 5. ಯಾವ ಭಾಜಕವಾದರೂ ಈ ಏಳರಲ್ಲಿ ಕೆಲವನ್ನು ಆಯ್ದು ಗುಣಿಸಿದ್ದೇ ಆಗಿರಬೇಕು. 3ಕ್ಕೂ 7ಕ್ಕೂ ಅಲ್ಲಿ ಪ್ರವೇಶವಿಲ್ಲ.

ಬಳಿಕ ಬೋರ್ಡಿನ ಮೇಲೆ ಒಂದು ಕೋಷ್ಟಕ. ಮೇಲಿನ ಸಾಲಿನಲ್ಲಿ 1, 2, 4, 8, 16, 32. ಅದನ್ನೇ 5ರಿಂದ ಗುಣಿಸಿ ಕೆಳಗೆ 5, 10, 20, 40, 80, 160. ಇನ್ನೊಮ್ಮೆ ಗುಣಿಸಿದರೆ 25, 50, 100, 200, 400, 800. ಆರು ಕಂಬಸಾಲು, ಮೂರು ಅಡ್ಡಸಾಲು, ಒಟ್ಟು 18 ಭಾಜಕಗಳು. ಮೊದಲ ಮನೆಯ 1ರಲ್ಲಿ 2ಕ್ಕೂ ಜಾಗವಿಲ್ಲ, 5ಕ್ಕೂ ಇಲ್ಲ. ಏನನ್ನೂ ಆಯ್ದುಕೊಳ್ಳದಿರುವುದೂ ಒಂದು ಆಯ್ಕೆಯೇ. ಐದು 2 ಇದ್ದಾಗ ಆಯ್ಕೆಗಳು ಆರಾಗುವುದು ಅದಕ್ಕೆ. ಒಂದೇ ಸಂಖ್ಯೆ ಎರಡು ಮನೆಗಳಲ್ಲಿ ಬರಲಾರದು, ಏಕೆಂದರೆ ಯಾವ ಸಂಖ್ಯೆಯನ್ನೂ ಅವಿಭಾಜ್ಯಗಳಾಗಿ ಒಡೆಯಲು ಇರುವುದು ಒಂದೇ ಬಗೆ. ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆಯುವ ಅಂಕಗಣಿತದ ಮೂಲಭೂತ ಪ್ರಮೇಯಕ್ಕೆ ಇಲ್ಲಿ ಕೆಲಸ ಸಿಗುತ್ತದೆ.

ಅಟ್ಟೆಯ 3200ಕ್ಕೆ ಹೊಸ ಕೋಷ್ಟಕ ಬೇಡ. 64 ಮತ್ತು 128ರ ಎರಡು ಕಂಬಸಾಲು ಸೇರಿಸಿದರೆ 8 × 3, ಅಂದರೆ 24. ಹೂವು ನಾಲ್ಕು ಪಟ್ಟಾದರೂ ಭಾಜಕಗಳು ಹೆಚ್ಚಿದ್ದು ಆರೇ! ಅಷ್ಟೇ 24 ಭಾಜಕಗಳು ಪುಟ್ಟ 360ಕ್ಕೂ ಇವೆ. ಅದರಲ್ಲಿ ಮೂರು 2, ಎರಡು 3, ಒಂದು 5. ಆದ್ದರಿಂದ 4 × 3 × 2. ಮೂರನೆಯ ಅವಿಭಾಜ್ಯ ಬಂದರೆ ಕೋಷ್ಟಕಕ್ಕೆ ಮಹಡಿ ಕಟ್ಟಬೇಕು: ಕೆಳಗೆ 5 ಇಲ್ಲದ 12, ಮೇಲೆ 5 ಇರುವ 12.

ನಿಜವಾಗಿ ಬೆವರಿಳಿಸುವುದು ಎಣಿಕೆಯಲ್ಲ, ಒಡೆಯುವ ಕೆಲಸ. 2021ನ್ನು ಕೊಟ್ಟರೆ 37ರವರೆಗೆ ಭಾಗಿಸಿ ನೋಡಿ, ಅವಿಭಾಜ್ಯವೆಂದು ಪೆನ್ನು ಕೆಳಗಿಡುವವರೇ ಹೆಚ್ಚು. ಅದರ ವರ್ಗಮೂಲ 45ಕ್ಕಿಂತ ತುಸು ಕಡಿಮೆ, ಹಾಗಾಗಿ 43ರವರೆಗೂ ನೋಡಲೇಬೇಕು. 43 × 47, ನಾಲ್ಕು ಭಾಜಕಗಳು.

ಕಲಿತವರಿಗೆ ಕೊನೆಗೆ ತಿರುಗುಪ್ರಶ್ನೆ ಕೊಡುತ್ತೇನೆ: 18 ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಯಾವುದು? 18ನ್ನು 9 × 2 ಎಂದರೆ ಎಂಟು 2, ಒಂದು 3 ಬೇಕು: 256 × 3, ಅಂದರೆ 768. 6 × 3 ಎಂದರೆ 32 × 9, ಅಂದರೆ 288. 3 × 3 × 2 ಎಂದಾಗ 4 × 9 × 5 ಆಗಿ 180ಕ್ಕೆ ಇಳಿಯುತ್ತದೆ. 180ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಷ್ಟು ಭಾಜಕಗಳಿಲ್ಲ. ಹೀಗೆ ತನಗಿಂತ ಚಿಕ್ಕವುಗಳನ್ನೆಲ್ಲ ಭಾಜಕಗಳಲ್ಲಿ ಹಿಂದಿಕ್ಕುವ ಸಂಖ್ಯೆಗಳ ಬಗ್ಗೆಯೇ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೀರ್ಘ ಪ್ರಬಂಧವೊಂದನ್ನು ಪ್ರಕಟಿಸಿದ್ದರು.